ಬೋಲ್ಟಿನ ಉಕ್ಕು ಮತ್ತು ಆಮ್ಲಜನಕ-ನಿವಾರಣೆ: ಕರಾರಿನ ಮಾತು, ಲೋಹದ ಸಾಕ್ಷ್ಯ

ಪೀಠಿಕೆ

ಠಾಣೆಯ ವಾಗಳೆ ಎಸ್ಟೇಟಿನಿಂದ ಹಿಡಿದು ಠಾಣೆ–ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿಯೂ, ಡೊಂಬಿವಲಿಯ ಕೈಗಾರಿಕಾ ವಸಾಹತಿನಲ್ಲಿಯೂ, ಕಲ್ಯಾಣದ ಆಸುಪಾಸಿನಲ್ಲಿಯೂ ಹರಡಿಕೊಂಡಿರುವ ಕಾರ್ಖಾನೆಗಳಲ್ಲಿ ಅತ್ಯಂತ ಸಾಮಾನ್ಯವಾದ, ಆದುದರಿಂದಲೇ ಅತ್ಯಂತ ಅಲಕ್ಷಿತವಾದ ವಸ್ತು ಬೋಲ್ಟು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಸ್ಥಾಪಿತವಾದ ಮೇಲೆ ಈ ಪ್ರದೇಶದಲ್ಲಿ ಒಂದಾದ ಮೇಲೊಂದರಂತೆ ಎದ್ದ ರಾಸಾಯನಿಕ ಕಾರ್ಖಾನೆಗಳ ಕೊಳವೆಗಳೂ ಪಾತ್ರೆಗಳೂ ಒಂದಕ್ಕೊಂದು ಬಿಗಿದುಕೊಂಡು ನಿಂತಿರುವುದು ಫ್ಲ್ಯಾಂಜುಗಳ ಸುತ್ತಲಿನ ಬೋಲ್ಟುಗಳ ಬಲದಿಂದ. ಡೊಂಬಿವಲಿಯಲ್ಲಿ 2016ರ ಮೇ 26ರಂದು ಮತ್ತು 2024ರ ಮೇ 23ರಂದು ನಡೆದ ಸ್ಫೋಟಗಳ ನೆನಪು ಆ ಊರಿನವರಿಗೆ ಮಾಸಿಲ್ಲ. ಆ ದುರ್ಘಟನೆಗಳನ್ನು ಬೋಲ್ಟಿನ ಮೇಲೆ ಆರೋಪಿಸುವುದು ಇಲ್ಲಿನ ಉದ್ದೇಶವಲ್ಲ. ಒತ್ತಡದಲ್ಲಿರುವ ಪಾತ್ರೆಯ ನೆರೆಯಲ್ಲಿ ಮನೆಮಾಡಿಕೊಂಡಿರುವ ಊರಿಗೆ ಆ ಪಾತ್ರೆಯನ್ನು ಬಿಗಿದಿರುವ ಲೋಹ ಯಾವುದು, ಅದರ ಗುಣವನ್ನು ಯಾರು ಹೇಗೆ ನಿಶ್ಚಯಿಸಿದರು ಎಂಬುದು ಪರರ ಪ್ರಶ್ನೆಯಲ್ಲ ಎಂಬುದನ್ನು ಮಾತ್ರ ಅವು ನೆನಪಿಸುತ್ತವೆ.

ಈ ನಿಶ್ಚಯದ ಒಂದು ಅಂಗವೇ ಪ್ರಸ್ತುತ ವಿಷಯ. ಬೋಲ್ಟಿನ ಉಕ್ಕನ್ನು ಕೊಳ್ಳುವವನು ತನ್ನ ಆರ್ಡರಿನಲ್ಲಿ “ಉಕ್ಕು ಸಂಪೂರ್ಣ ಕಿಲ್ಡ್ ಆಗಿರತಕ್ಕದ್ದು” ಎಂದು ಒಂದು ಸಾಲು ಬರೆಯುತ್ತಾನೆ. ಮಾರುವವನು ತನ್ನ ಪರೀಕ್ಷಾಪತ್ರದಲ್ಲಿ “ಕಿಲ್ಡ್” ಎಂದು ಒಂದು ಪದ ಅಚ್ಚುಮಾಡಿಸುತ್ತಾನೆ. ಈ ಎರಡು ಬರಹಗಳ ನಡುವೆ ನಿಜವಾದ ಲೋಹವೊಂದಿದೆ. ಆ ಸಾಲಿನ ಅರ್ಥವೇನು, ಅದನ್ನು ಏಕೆ ಬರೆಯಬೇಕಾಯಿತು, ಅದು ನೆರವೇರಿದೆಯೆಂದು ತಿಳಿಯುವ ಬಗೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸುವುದು ಉಚಿತ.

ಉಕ್ಕನ್ನು “ಕೊಲ್ಲುವುದು” ಎಂದರೇನು?

ಕರಗಿದ ಕಬ್ಬಿಣಕ್ಕೆ ಆಮ್ಲಜನಕದ ಮೇಲೆ ಬಹಳ ಆಸೆ. 1600 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶುದ್ಧವಾದ ದ್ರವ ಕಬ್ಬಿಣವು ಶೇಕಡಾ 0.23ರಷ್ಟು ಆಮ್ಲಜನಕವನ್ನು ತನ್ನಲ್ಲಿ ಕರಗಿಸಿಕೊಳ್ಳಬಲ್ಲದು. ಆದರೆ ಅದೇ ಕಬ್ಬಿಣ ಹೆಪ್ಪುಗಟ್ಟಿದಾಗ ಅದರಲ್ಲಿ ಆಮ್ಲಜನಕಕ್ಕೆ ಸ್ಥಳವೇ ಇಲ್ಲವೆನ್ನಬೇಕು. ಹೆಪ್ಪುಗಟ್ಟುವ ಗಳಿಗೆಯಲ್ಲಿ ಹೊರದೂಡಲ್ಪಟ್ಟ ಆಮ್ಲಜನಕವು ಉಕ್ಕಿನಲ್ಲಿರುವ ಇಂಗಾಲವನ್ನು ಕೂಡಿಕೊಂಡು ಇಂಗಾಲದ ಮಾನಾಕ್ಸೈಡ್ ಅನಿಲವಾಗುತ್ತದೆ. ಆಗ ಅಚ್ಚಿಗೆ ಹೊಯ್ದ ಉಕ್ಕು ಒಲೆಯ ಮೇಲಿನ ಹಾಲಿನಂತೆ ಕುದಿದು ಉಬ್ಬುತ್ತದೆ.

ಈ ಕುದಿತಕ್ಕೆ ಒಂದು ಸರಳವಾದ ಲೆಕ್ಕವಿದೆ. 1600 ಡಿಗ್ರಿಯಲ್ಲಿ, ಸಾಧಾರಣ ವಾಯುಭಾರದಲ್ಲಿ, ಕರಗಿದ ಉಕ್ಕಿನ ಇಂಗಾಲದ ಶೇಕಡಾಂಶವನ್ನೂ ಆಮ್ಲಜನಕದ ಶೇಕಡಾಂಶವನ್ನೂ ಗುಣಿಸಿದರೆ ಬರುವ ಮೊತ್ತ ಸುಮಾರು 0.0025ನ್ನು ಮೀರಲಾರದು. ಮೀರಿದುದು ಅನಿಲವಾಗಿ ಹೊರಡುತ್ತದೆ. ಇಂಗಾಲ ಶೇಕಡಾ 0.05 ಇರುವ ಮೆದು ಉಕ್ಕಿನಲ್ಲಿ ಆಮ್ಲಜನಕವೂ ಸುಮಾರು 0.05 ಇರಬಲ್ಲದು, ಇಂಗಾಲ 0.40 ಇರುವ ಉಕ್ಕಿನಲ್ಲಿ ಅದು ಸುಮಾರು 0.006ಕ್ಕೆ ಇಳಿಯುತ್ತದೆ. ಎಂದರೆ ಇಂಗಾಲ ಕಡಿಮೆಯಾದಷ್ಟೂ ಕುದಿತ ಹೆಚ್ಚು. ಹಾಗೆಂದು ಹೆಚ್ಚು ಇಂಗಾಲದ ಉಕ್ಕು ತಾನಾಗಿಯೇ ಶಾಂತವಾಗಿರುವುದೆಂದು ಭಾವಿಸಬಾರದು. ಉಕ್ಕು ಹೆಪ್ಪುಗಟ್ಟುತ್ತ ಬಂದಂತೆ ಇಂಗಾಲವೂ ಆಮ್ಲಜನಕವೂ ಉಳಿದ ದ್ರವದಲ್ಲಿ ಸಾಂದ್ರಗೊಳ್ಳುತ್ತವೆ. ಮೊದಲು ಮಿತಿಯೊಳಗಿದ್ದ ಗುಣಲಬ್ಧ ಕಡೆಗೆ ಮಿತಿಯನ್ನು ದಾಟುತ್ತದೆ.

ಈ ಅನಿಲ ಹುಟ್ಟದಂತೆ, ಆಮ್ಲಜನಕವನ್ನು ಇಂಗಾಲಕ್ಕಿಂತ ಬಲವಾಗಿ ಹಿಡಿದುಕೊಳ್ಳುವ ಧಾತುವನ್ನು ಕರಗಿದ ಉಕ್ಕಿಗೆ ಸೇರಿಸುವುದೇ ಆಮ್ಲಜನಕ-ನಿವಾರಣೆ. ಮ್ಯಾಂಗನೀಸ್ ಈ ಕೆಲಸವನ್ನು ಮೃದುವಾಗಿಯೂ, ಸಿಲಿಕಾನ್ ಬಲವಾಗಿಯೂ, ಅಲ್ಯುಮಿನಿಯಂ ಅತಿಪ್ರಬಲವಾಗಿಯೂ ಮಾಡುತ್ತವೆ. ನಿರ್ವಾತದಲ್ಲಿಟ್ಟು ಇಂಗಾಲದಿಂದಲೇ ಆಮ್ಲಜನಕವನ್ನು ಹೊರಸೆಳೆಯುವ ವಿಧಾನವೂ ಉಂಟು. ನಿವಾರಣೆ ಸಂಪೂರ್ಣವಾದರೆ ಉಕ್ಕು ಅಚ್ಚಿನಲ್ಲಿ ಅಲುಗದೆ ಮಲಗುತ್ತದೆ, ಅದು “ಕಿಲ್ಡ್”. ಅರೆಬರೆ ನಿವಾರಣೆಯಾಗಿ, ಹೆಪ್ಪುಗಟ್ಟುವಾಗಿನ ಸಂಕೋಚವನ್ನು ಸರಿದೂಗಿಸುವಷ್ಟು ಮಾತ್ರ ಅನಿಲ ಉಳಿದರೆ ಅದು “ಸೆಮಿ-ಕಿಲ್ಡ್”. ಬುದ್ಧಿಪೂರ್ವಕವಾಗಿ ಕುದಿಯಲು ಬಿಟ್ಟು, ಹೊರಗೆ ಶುದ್ಧವಾದ ಕಬ್ಬಿಣದ ಅಂಚು ಕಟ್ಟುವಂತೆ ಮಾಡಿದರೆ ಅದು “ರಿಮ್ಡ್”, ಎಂದರೆ ಅಂಚುಗಟ್ಟಿದ ಉಕ್ಕು.

“ಕೊಲ್ಲುವುದು” ಎಂಬ ಮಾತು ಇಂಗ್ಲೆಂಡಿನ ಕುಲುಮೆಗಾರರದು. ಜರ್ಮನರೂ ಫ್ರೆಂಚರೂ ಇದೇ ಉಕ್ಕನ್ನು “ಶಾಂತಗೊಳಿಸಿದ” ಉಕ್ಕೆಂದು ಕರೆಯುತ್ತಾರೆ. ಅರ್ಥಕ್ಕೆ ಆ ಮಾತೇ ಹತ್ತಿರ. ನಮ್ಮ ರಸಶಾಸ್ತ್ರದಲ್ಲಿಯೂ ಲೋಹಮಾರಣವೆಂಬ ಕ್ರಿಯೆಯೊಂದಿದೆ. ಆದರೆ ಶಬ್ದಸಾಮ್ಯದಿಂದ ಮೋಸಹೋಗಬಾರದು. ವೈದ್ಯನು ಕಬ್ಬಿಣವನ್ನು ಮಾರಣಗೈದು ಭಸ್ಮಮಾಡುವಾಗ ಲೋಹವು ಆಮ್ಲಜನಕವನ್ನು ಕೂಡಿಕೊಳ್ಳುತ್ತದೆ. ಕುಲುಮೆಗಾರನು ಉಕ್ಕನ್ನು “ಕೊಲ್ಲುವಾಗ” ಲೋಹವು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಎರಡೂ ಮಾರಣಗಳೇ, ದಿಕ್ಕು ಮಾತ್ರ ತದ್ವಿರುದ್ಧ. ಕನ್ನಡದಲ್ಲಿ “ಶಾಂತ ಉಕ್ಕು” ಎಂದರೆ ಈ ಗೊಂದಲ ತಪ್ಪುತ್ತದೆ. ಮುಂದೆ ಆ ಹೆಸರನ್ನೇ ಬಳಸಲಾಗಿದೆ.

ಮೂಸೆಯಿಂದ ಭದ್ರಾವತಿಯವರೆಗೆ

ಈ ಕ್ರಿಯೆಯ ಇತಿಹಾಸ ಕನ್ನಡ ನಾಡಿಗೆ ಹೊರತಾದುದಲ್ಲ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕುಲುಮೆಗಳನ್ನೂ ಮೂಸೆಯಲ್ಲಿ ಉಕ್ಕು ಮಾಡುವ ಪದ್ಧತಿಯನ್ನೂ ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣವನ್ನೂ ಸೌದೆಯ ಚೂರನ್ನೂ ಎಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ಕಾಯಿಸಿ, ಮೂಸೆಯಲ್ಲಿಯೇ ಆರಲು ಬಿಡುವ ಆ ವಿಧಾನದಲ್ಲಿ ಹೊರಗಿನ ಗಾಳಿಗೆ ಪ್ರವೇಶವೇ ಇರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಶೆಫೀಲ್ಡಿನ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯ ಉಕ್ಕನ್ನು ಕರಗಿಸಿ ಎರಕಹೊಯ್ಯತೊಡಗಿದಾಗ, ಕರಗಿದ ಮೇಲೆಯೂ ಸ್ವಲ್ಪ ಹೊತ್ತು ಬೆಂಕಿಯಲ್ಲಿಯೇ ಇಟ್ಟರೆ ಉಕ್ಕು ಶಾಂತವಾಗುವುದೆಂಬುದು ಅಲ್ಲಿನ ಕುಲುಮೆಗಾರರಿಗೆ ಅನುಭವದಿಂದ ತಿಳಿಯಿತು. ಮೂಸೆಯ ಮಣ್ಣಿನಿಂದಲೇ ಸ್ವಲ್ಪ ಸಿಲಿಕಾನ್ ಉಕ್ಕಿಗೆ ಇಳಿಯುತ್ತಿತ್ತೆಂಬ ಕಾರಣ ತಿಳಿದದ್ದು ಬಹುಕಾಲದ ಮೇಲೆ.

1856ರಲ್ಲಿ ಹೆನ್ರಿ ಬೆಸೆಮರ್ ಗಾಳಿಯೂದಿ ಉಕ್ಕು ಮಾಡುವ ತನ್ನ ವಿಧಾನವನ್ನು ಪ್ರಕಟಿಸಿದಾಗ ಅದನ್ನು ಅನುಸರಿಸಿದ ಹಲವರ ಉಕ್ಕು ಬಡಿದೊಡನೆ ಬಿರಿಯಿತು. ಅದಿರಿನ ರಂಜಕ ಒಂದು ಕಾರಣ. ಗಾಳಿಯಿಂದ ಉಕ್ಕಿನಲ್ಲಿ ಸೇರಿಕೊಂಡ ಆಮ್ಲಜನಕ ಇನ್ನೊಂದು. ಮ್ಯಾಂಗನೀಸ್ ಹೇರಳವಾಗಿರುವ ಎರಕದ ಕಬ್ಬಿಣವನ್ನು ಕಡೆಯಲ್ಲಿ ಸೇರಿಸಿ ಎರಡನೆಯ ದೋಷವನ್ನು ಪರಿಹರಿಸಿದವನು ರಾಬರ್ಟ್ ಮುಷೆಟ್. ಇಂದಿನ ನಿವಾರಣಾವಿಧಾನಗಳಿಗೆಲ್ಲ ಅದೇ ಮೂಲ.

ಭದ್ರಾವತಿಯಲ್ಲಿ 1923ರಲ್ಲಿ ಇದ್ದಲಿನ ಕುಲುಮೆಯಿಂದ ಕಬ್ಬಿಣ ಹೊರಬಂದುದು, ಸರ್ ಎಂ. ವಿಶ್ವೇಶ್ವರಯ್ಯನವರು ಆ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು ನೆಲೆಗೊಳಿಸಿದುದು ಕನ್ನಡಿಗರಿಗೆ ತಿಳಿದ ಸಂಗತಿ. ಅಷ್ಟಾಗಿ ತಿಳಿಯದ ಸಂಗತಿಯೆಂದರೆ, 1930ರ ದಶಕದಲ್ಲಿ ಅಲ್ಲಿ ಉಕ್ಕಿನ ವಿಭಾಗ ಬಂದ ಮೇಲೆ, 1940ರ ದಶಕದಲ್ಲಿ ಫೆರೊ-ಸಿಲಿಕಾನ್ ತಯಾರಿಕೆಯೂ ಆರಂಭವಾಯಿತು ಎಂಬುದು. ಉಕ್ಕನ್ನು ಶಾಂತಗೊಳಿಸುವ ಮದ್ದು ಅದೇ. ಈಚಿನ ಕಾಲದಲ್ಲಿ, ಠಾಣೆಯ ಕಳವೆಯಲ್ಲಿ ಬಹುಕಾಲ ಉಕ್ಕಿನ ಉದ್ಯಮ ನಡೆಸಿದ ಮುಕುಂದ್ ಸಂಸ್ಥೆಯು ಕಲ್ಯಾಣಿ ಸ್ಟೀಲ್ಸ್ ಸಂಸ್ಥೆಯೊಡನೆ ಕೂಡಿ ಕೊಪ್ಪಳದ ಬಳಿಯ ಗಿಣಿಗೇರಿಯಲ್ಲಿ ಮಿಶ್ರಲೋಹದ ಉಕ್ಕಿನ ಕಾರ್ಖಾನೆಯನ್ನು ನಿಲ್ಲಿಸಿತು. ಹೀಗೆ ಕನ್ನಡ ನಾಡಿನ ಅದಿರಿಗೂ ಠಾಣೆಯ ಕೈಗಾರಿಕೆಗೂ ನಂಟು ಹಳೆಯದು.

ಬೋಲ್ಟಿಗೆ ಇದರಿಂದ ಬರುವ ಹಾನಿ-ಲಾಭ

ಅಂಚುಗಟ್ಟಿದ ಉಕ್ಕು ಕೀಳೆಂದು ಹೇಳಿಬಿಡುವುದು ಸುಲಭ, ಅದು ನ್ಯಾಯವಲ್ಲ. ಅದರ ಹೊರಮೈ ಬಹುಪಾಲು ಶುದ್ಧವಾದ ಕಬ್ಬಿಣವಾದುದರಿಂದ ತಣ್ಣಗೆ ಬಡಿದು ತಲೆಕಟ್ಟುವ ಸಣ್ಣ ತಿರುಪುಮೊಳೆಗಳಿಗೂ ತಂತಿಗೂ ಒಂದು ಕಾಲದಲ್ಲಿ ಅದನ್ನೇ ಬಯಸಿ ಕೊಳ್ಳುತ್ತಿದ್ದರು. ದೋಷವಿರುವುದು ಒಳಗೆ. ಅಂಚಿನಿಂದ ಹೊರದೂಡಲ್ಪಟ್ಟ ಗಂಧಕ, ರಂಜಕ, ಇಂಗಾಲಗಳು ನಡುವಿನಲ್ಲಿ ಶೇಖರವಾಗುತ್ತವೆ. ಅನಿಲದ ಗುಳ್ಳೆಗಳು ಉಳಿದಿರುತ್ತವೆ. ಸರಳನ್ನು ಕಡೆದು ಬೋಲ್ಟಿನ ಪಟ್ಟೆಯನ್ನು ಕತ್ತರಿಸುವಾಗ ಒಳ್ಳೆಯ ಅಂಚು ಚೂರಾಗಿ ಹೊರಹೋಗಿ, ಕೆಟ್ಟ ನಡುವೇ ಭಾರ ಹೊರುವ ಭಾಗವಾಗಿ ಉಳಿಯುತ್ತದೆ.

ಇನ್ನೊಂದು ದೋಷ ಕಾಲದೊಡನೆ ಪ್ರಕಟವಾಗುವಂಥದು. ಶಾಂತವಾಗದ ಮೆದು ಉಕ್ಕಿನಲ್ಲಿ ಸಾರಜನಕ ಬಂಧನವಿಲ್ಲದೆ ಇರುತ್ತದೆ. ತಣ್ಣಗೆ ಬಡಿದು ಆಕಾರ ಕೊಟ್ಟ ಬೋಲ್ಟಿನ ತಲೆಯ ಬುಡದಲ್ಲಿ ಅದು ಕಾಲಕ್ರಮದಲ್ಲಿ ನೆಲೆಗೊಂಡು ಲೋಹವನ್ನು ಬಿರುಸುಗೊಳಿಸುತ್ತದೆ. ಮಾಡಿದ ದಿನ ಸರಿಯಾಗಿದ್ದ ಬೋಲ್ಟು ಕೆಲವು ತಿಂಗಳ ಮೇಲೆ ಪೆಟ್ಟಿಗೆ ತಲೆ ಕಳಚಿಕೊಳ್ಳಬಹುದು. ಅಲ್ಯುಮಿನಿಯಂ ಸೇರಿಸಿದರೆ ಅದು ಆಮ್ಲಜನಕವನ್ನು ಹಿಡಿದುದಲ್ಲದೆ ಸಾರಜನಕವನ್ನೂ ಕಟ್ಟಿಹಾಕುತ್ತದೆ. ಹಾಗೆ ಹುಟ್ಟಿದ ಸೂಕ್ಷ್ಮ ಕಣಗಳು ಉಕ್ಕಿನ ಹರಳುಗಳನ್ನು ಬೆಳೆಯಗೊಡದೆ ನುಣ್ಣಗೆ ಇಡುತ್ತವೆ. ನುಣುಪು ಹರಳಿನ ಉಕ್ಕು ಚಳಿಯಲ್ಲಿಯೂ ಪೆಟ್ಟನ್ನು ತಾಳುತ್ತದೆ.

ಆದರೆ ಬಹುಕಾಲ ಹೆಚ್ಚಿನ ಉಷ್ಣದಲ್ಲಿ ಭಾರ ಹೊರುವ ಕೆಲವು ಉಕ್ಕುಗಳಿಗೆ ಸಿಲಿಕಾನಿನಿಂದ ಶಾಂತವಾದ, ಹರಳು ಸ್ವಲ್ಪ ದಪ್ಪಗಿರುವ ಲೋಹವೇ ಮೇಲು. ಬಾಯ್ಲರಿನ ತಗಡುಗಳಲ್ಲಿ ಅಮೆರಿಕದ ಎ 515 ಮತ್ತು ಎ 516 ಎಂಬ ಎರಡು ಪ್ರತ್ಯೇಕ ನಿರ್ದೇಶಪತ್ರಗಳಿರುವುದು, ಒಂದು ಹೆಚ್ಚಿನ ಉಷ್ಣಕ್ಕೂ ಇನ್ನೊಂದು ಕಡಿಮೆ ಉಷ್ಣಕ್ಕೂ ಮೀಸಲಾಗಿರುವುದು, ಈ ಭೇದದಿಂದಲೇ. ಆದುದರಿಂದ “ಶಾಂತವಾಗಿದೆಯೇ?” ಎಂಬ ಪ್ರಶ್ನೆಯ ಬೆನ್ನಿಗೆ “ಯಾವುದರಿಂದ ಶಾಂತವಾಗಿದೆ?” ಎಂಬುದನ್ನೂ ಕೇಳಬೇಕಾಗುತ್ತದೆ.

ನಿರ್ದೇಶಪತ್ರ ಏನನ್ನು ಕೇಳುತ್ತದೆ?

ಕಾರ್ಖಾನೆಯವರು ಸ್ಪೆಸಿಫಿಕೇಷನ್ ಎಂದು ಕರೆಯುವ ನಿರ್ದೇಶಪತ್ರದಲ್ಲಿ ಆಮ್ಲಜನಕ-ನಿವಾರಣೆಯ ಬೇಡಿಕೆ ಮೂರು ಬಗೆಯಾಗಿ ಬರಬಹುದು: ನೇರವಾದ ಮಾತಾಗಿ, ಅಂಕಿಯಾಗಿ, ಇಲ್ಲವೇ ಬೇರೊಂದು ಪತ್ರದ ಮೂಲಕ.

ನೇರವಾದ ಮಾತಿಗೆ ಭಾರತೀಯ ಮಾನಕ ಐ.ಎಸ್. 2062 ಒಳ್ಳೆಯ ಉದಾಹರಣೆ. ಕಟ್ಟಡದ ಉಕ್ಕಿನ ಈ ಮಾನಕದ 2011ರ ಆವೃತ್ತಿಯಲ್ಲಿ ರಾಸಾಯನಿಕ ಸಂಯೋಜನೆಯ ಕೋಷ್ಟಕದಲ್ಲಿಯೇ ನಿವಾರಣೆಯ ಬಗೆಗೆ ಒಂದು ಅಂಕಣವಿದೆ. ಇ 250 ದರ್ಜೆಯಲ್ಲಿ ಎ ಮತ್ತು ಬಿ.ಆರ್. ಗುಣಗಳಿಗೆ ಅರೆಶಾಂತ ಅಥವಾ ಶಾಂತ ಉಕ್ಕು ಸಲ್ಲುತ್ತದೆ, ಬಿ.ಒ. ಮತ್ತು ಸಿ ಗುಣಗಳಿಗೆ ಶಾಂತ ಉಕ್ಕೇ ಬೇಕು. ಸೊನ್ನೆ ಡಿಗ್ರಿಯಲ್ಲಿ ಮತ್ತು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಪೆಟ್ಟಿನ ಪರೀಕ್ಷೆಗೆ ಗುರಿಯಾಗುವವು ಇವೆರಡೇ ಎಂಬುದನ್ನು ಗಮನಿಸಿದರೆ ಆ ನಿಯಮದ ತರ್ಕ ತಾನಾಗಿ ತಿಳಿಯುತ್ತದೆ. ಐರೋಪ್ಯ ಮಾನಕ ಇ.ಎನ್. 10025 ಇದನ್ನೇ ಸಂಕೇತಾಕ್ಷರಗಳಿಂದ ಹೇಳುತ್ತದೆ: ಎಫ್.ಎನ್. ಎಂದರೆ ಅಂಚುಗಟ್ಟಿದ ಉಕ್ಕು ಸಲ್ಲದು, ಎಫ್.ಎಫ್. ಎಂದರೆ ಉಕ್ಕು ಸಂಪೂರ್ಣ ಶಾಂತವಾಗಿದ್ದು, ಸಾರಜನಕವನ್ನು ಕಟ್ಟುವ ಧಾತುವೂ ಸಾಕಷ್ಟು ಇರತಕ್ಕದ್ದು.

ಅಂಕಿಯ ಮೂಲಕ ಬರುವ ಬೇಡಿಕೆಗೆ ಎ 193 ಬಿ 7 ದರ್ಜೆಯನ್ನು ನೋಡಬಹುದು. ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿಯೂ ಠಾಣೆ–ಬೇಲಾಪುರ ಪಟ್ಟಿಯಲ್ಲಿಯೂ ಫ್ಲ್ಯಾಂಜಿನ ಸ್ಟಡ್ಡುಗಳಿಗೆ ಬಹಳವಾಗಿ ಬಳಕೆಯಾಗುವ ದರ್ಜೆ ಅದು. ಅದರ ಇಂಗಾಲ ಶೇಕಡಾ 0.37ರಿಂದ 0.49, ಕ್ರೋಮಿಯಂ 0.75ರಿಂದ 1.20, ಮಾಲಿಬ್ಡಿನಂ 0.15ರಿಂದ 0.25, ಸಿಲಿಕಾನ್ 0.15ರಿಂದ 0.35. ಹದಮಾಡಿದ ಮೇಲೆ 64 ಮಿಲಿಮೀಟರ್ ವ್ಯಾಸದವರೆಗೆ ಅದರ ಕರ್ಷಣಬಲ ಕನಿಷ್ಠ 860 ಮೆಗಾಪಾಸ್ಕಲ್. ಇಲ್ಲಿ ಸಿಲಿಕಾನಿಗೆ ಮೇಲಿನ ಮಿತಿಯಂತೆ ಕೆಳಗಿನ ಮಿತಿಯೂ ಉಂಟೆಂಬುದು ಅರ್ಥಪೂರ್ಣ. 0.15ಕ್ಕಿಂತ ಕಡಿಮೆಯಾಗದಂತೆ ಸಿಲಿಕಾನ್ ಉಳಿಯಬೇಕಾದರೆ ಆಮ್ಲಜನಕದ ಹಸಿವು ಮೊದಲೇ ತೀರಿರಬೇಕು. ಹೀಗೆ ಅಂಕಿಯೇ ಅರ್ಧ ಸಾಕ್ಷಿಯನ್ನು ನುಡಿಯುತ್ತದೆ.

ಮೂರನೆಯ ಬಗೆಯೇ ಹೆಚ್ಚಿನ ತೊಡಕಿಗೆ ಕಾರಣ. ಎ 193 ತಾನೊಂದೇ ನಿಲ್ಲುವ ಪತ್ರವಲ್ಲ. ಬೋಲ್ಟುಗಳ ಸಾಮಾನ್ಯ ನಿಯಮಗಳನ್ನು ಹೇಳುವ ಎ 962ನ್ನು ಅದು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಸರಳುಗಳಿಗೆ ಎ 29 ಎಂಬ ಇನ್ನೊಂದು ಸಾಮಾನ್ಯ ಪತ್ರವಿದೆ. ಶಾಂತ, ಅರೆಶಾಂತ, ಅಂಚುಗಟ್ಟಿದ ಎಂಬ ಶಬ್ದಗಳ ವ್ಯಾಖ್ಯೆ ಎ 941ರಲ್ಲಿದೆ. ದರ್ಜೆಯ ಪತ್ರವೊಂದನ್ನೇ ಓದಿ “ಶಾಂತ ಉಕ್ಕೆಂಬ ಮಾತು ಇಲ್ಲಿಲ್ಲ, ಆದುದರಿಂದ ಬೇಕಿಲ್ಲ” ಎನ್ನುವುದು ಒಂದು ತಪ್ಪು. ಎಲ್ಲಿಯೂ ಕೇಳದ ಷರತ್ತನ್ನು ಅಭ್ಯಾಸಬಲದಿಂದ ಕೇಳಿ, ಸರಿಯಾದ ಮಾಲನ್ನು ತಿರಸ್ಕರಿಸುವುದು ಇನ್ನೊಂದು. ಆರ್ಡರಿನಲ್ಲಿ ನಮೂದಾದ ಆವೃತ್ತಿಯ ವರ್ಷ, ದರ್ಜೆಯ ಪತ್ರ, ಅದು ಕರೆದುಕೊಳ್ಳುವ ಸಾಮಾನ್ಯ ಪತ್ರ, ಕೊಳ್ಳುವವನು ಸೇರಿಸಿದ ವಿಶೇಷ ಷರತ್ತು ಎಂಬ ನಾಲ್ಕನ್ನೂ ಎದುರಿಗಿಟ್ಟುಕೊಂಡಲ್ಲದೆ ಬೇಡಿಕೆ ಏನೆಂಬುದು ನಿಶ್ಚಯವಾಗದು.

ಪರೀಕ್ಷಾಪತ್ರವನ್ನು ಓದುವ ಬಗೆ

ಬೇಡಿಕೆ ನಿಶ್ಚಯವಾದ ಮೇಲೆ ಸಾಕ್ಷ್ಯದ ವಿಚಾರ. ನಾಲ್ಕು ಪರೀಕ್ಷಾಪತ್ರಗಳನ್ನು ಕಲ್ಪಿಸಿಕೊಂಡು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯದರಲ್ಲಿ ಇಂಗಾಲ 0.41, ಸಿಲಿಕಾನ್ 0.24, ಅಲ್ಯುಮಿನಿಯಂ 0.003 ಎಂದಿದೆ. ಇದು ಸಿಲಿಕಾನಿನಿಂದ ಶಾಂತವಾದ ಉಕ್ಕು. ಬಿ 7ರ ಸಂಯೋಜನೆಗೆ ಸಲ್ಲುತ್ತದೆ. ಆದರೆ ಆರ್ಡರಿನಲ್ಲಿ ನುಣುಪು ಹರಳಿನ ಷರತ್ತಿದ್ದರೆ ಹರಳಿನ ಪರೀಕ್ಷೆಯ ಫಲವಿಲ್ಲದೆ ಇದನ್ನು ಒಪ್ಪಲಾಗದು. ಎರಡನೆಯದರಲ್ಲಿ ಇಂಗಾಲ 0.41, ಸಿಲಿಕಾನ್ 0.25, ಅಲ್ಯುಮಿನಿಯಂ 0.028. ಎ 29ರ ಪ್ರಕಾರ ಒಟ್ಟು ಅಲ್ಯುಮಿನಿಯಂ 0.020ಕ್ಕೆ ಅಥವಾ ಆಮ್ಲದಲ್ಲಿ ಕರಗುವ ಅಲ್ಯುಮಿನಿಯಂ 0.015ಕ್ಕೆ ಕಡಿಮೆಯಿಲ್ಲದಿದ್ದರೆ ಹರಳಿನ ನುಣುಪಿನ ಷರತ್ತು ಸಂದಂತೆ ಭಾವಿಸಬಹುದು. ಆದುದರಿಂದ ಈ ಪತ್ರ ಎರಡೂ ಷರತ್ತುಗಳಿಗೆ ಉತ್ತರ ಕೊಡುತ್ತದೆ.

ಮೂರನೆಯದು ತಣ್ಣಗೆ ಬಡಿದು ಬೋಲ್ಟು ಮಾಡುವ ಮೆದು ತಂತಿಯದು: ಇಂಗಾಲ 0.10, ಸಿಲಿಕಾನ್ 0.05, ಅಲ್ಯುಮಿನಿಯಂ 0.032. ಸಿಲಿಕಾನ್ ಕಡಿಮೆಯೆಂದು ಇದನ್ನು ಅಶಾಂತವೆನ್ನುವುದು ಪ್ರಮಾದ. ಇದು ಅಲ್ಯುಮಿನಿಯಂನಿಂದ ಶಾಂತವಾದುದು, ತಣ್ಣನೆಯ ಬಡಿತಕ್ಕೆ ಸಿಲಿಕಾನ್ ಕಡಿಮೆಯಿರುವುದೇ ಮೇಲು. ನಾಲ್ಕನೆಯದರಲ್ಲಿ ಇಂಗಾಲ 0.12, ಸಿಲಿಕಾನ್ 0.02, ಅಲ್ಯುಮಿನಿಯಂನ ಮಾತೇ ಇಲ್ಲ. ಕೆಳಗೆ ಮಾತ್ರ “ಕಿಲ್ಡ್” ಎಂದು ಅಚ್ಚಾಗಿದೆ. ಅಂಕಿಗಳು ಒಂದು ಹೇಳುತ್ತಿವೆ, ಅಕ್ಷರ ಇನ್ನೊಂದು. ನಿರ್ವಾತದಲ್ಲಿ ಸಂಸ್ಕರಿಸಿದುದಕ್ಕೆ ದಾಖಲೆಯಿದ್ದರೆ ಸರಿ. ಇಲ್ಲದಿದ್ದರೆ ಪತ್ರವನ್ನು ಹಿಂದಕ್ಕೆ ಕಳಿಸಿ ವಿವರ ಕೇಳುವುದೇ ಮಾರ್ಗ.

ಪತ್ರ ಕೊಟ್ಟವರು ಯಾರೆಂಬುದೂ ಮುಖ್ಯ. ಇ.ಎನ್. 10204 ಎಂಬ ಮಾನಕದ 2004ರ ಆವೃತ್ತಿಯಲ್ಲಿ 2.1 ಎಂಬುದು ಕೇವಲ ಘೋಷಣೆ, 2.2ರಲ್ಲಿ ಅಂಕಿಗಳಿದ್ದರೂ ಅವು ಕಳಿಸಿದ ಮಾಲಿನವೇ ಆಗಿರಬೇಕೆಂದಿಲ್ಲ. 3.1ರಲ್ಲಿ ಅದೇ ಮಾಲಿನ ಪರೀಕ್ಷಾಫಲವಿದ್ದು, ತಯಾರಿಕೆಯ ವಿಭಾಗಕ್ಕೆ ಅಧೀನನಲ್ಲದ ಪರೀಕ್ಷಾಧಿಕಾರಿಯ ಸಹಿ ಇರುತ್ತದೆ. 3.2ರಲ್ಲಿ ಕೊಳ್ಳುವವನ ಅಥವಾ ನಿಯಮವು ನೇಮಿಸಿದ ಹೊರಗಿನ ಪರೀಕ್ಷಕನ ಸಹಿಯೂ ಕೂಡುತ್ತದೆ. ಆಮ್ಲಜನಕ-ನಿವಾರಣೆ ಕುಲುಮೆಯ ಬಳಿ ನಡೆಯುವ ಕ್ರಿಯೆ. ಅದಕ್ಕೆ ಸಾಕ್ಷಿ ನುಡಿಯಬಲ್ಲವನು ಉಕ್ಕು ಕರಗಿಸಿದವನು ಮಾತ್ರ. ಸರಳನ್ನು ಕಡೆದವನಾಗಲಿ ಮಾರಿದವನಾಗಲಿ ಅಲ್ಲ.

ಈ ಕಾರಣದಿಂದಲೇ ಹೀಟ್ ನಂಬರಿಗೆ, ಎಂದರೆ ಒಂದು ಬಾರಿ ಕರಗಿಸಿದ ಉಕ್ಕಿಗೆ ಕೊಟ್ಟ ಸಂಖ್ಯೆಗೆ, ಅಷ್ಟು ಮಹತ್ವ. ನವಿ ಮುಂಬಯಿಯ ಕಳಂಬೋಲಿ ಉಕ್ಕಿನ ಪೇಟೆಯಲ್ಲಿ ಸರಳಿನ ಕಟ್ಟು ಬಿಚ್ಚಿ, ತುಂಡರಿಸಿ ಮಾರಿದಾಗ ತುದಿಯ ಗುರುತು ಒಂದು ತುಂಡಿನಲ್ಲಿ ಉಳಿದು ಮಿಕ್ಕವು ಅನಾಮಿಕವಾಗುತ್ತವೆ. ಅಲ್ಲಿಂದ ಡೊಂಬಿವಲಿಯ ಲೇತಿಗೆ, ಅಲ್ಲಿಂದ ಹದಮಾಡುವ ಕುಲುಮೆಗೆ, ಅಲ್ಲಿಂದ ಲೇಪನಕ್ಕೆ ಸಾಗುವಾಗ ಸಂಖ್ಯೆಯನ್ನು ಪ್ರತಿ ಹೆಜ್ಜೆಯಲ್ಲಿಯೂ ಹೊಸದಾಗಿ ಬರೆದಿಡದಿದ್ದರೆ, ಕಡೆಯಲ್ಲಿ ಉಳಿಯುವುದು ಒಂದು ಕಡೆ ಒಳ್ಳೆಯ ಪತ್ರ, ಇನ್ನೊಂದು ಕಡೆ ಒಳ್ಳೆಯದಿರಬಹುದಾದ ಬೋಲ್ಟು. ಎರಡಕ್ಕೂ ಸಂಬಂಧವನ್ನು ತೋರಿಸುವ ಸಾಧನ ಇಲ್ಲ.

ಲೋಹದ ಸಾಕ್ಷ್ಯ

ಪತ್ರದಲ್ಲಿ ಸಂಶಯ ಬಂದಾಗ ಲೋಹವನ್ನೇ ಪ್ರಶ್ನಿಸಬಹುದು. ಸ್ಪೆಕ್ಟ್ರೋಮೀಟರಿನಲ್ಲಿ ಸಿಲಿಕಾನ್ ಮತ್ತು ಅಲ್ಯುಮಿನಿಯಂಗಳ ಪ್ರಮಾಣ ಕೆಲವು ನಿಮಿಷಗಳಲ್ಲಿ ತಿಳಿಯುತ್ತದೆ. ಚೂರೊಂದನ್ನು ಗ್ರಾಫೈಟ್ ಮೂಸೆಯಲ್ಲಿ ಜಡ ಅನಿಲದ ನಡುವೆ ಕರಗಿಸಿ, ಹೊರಬಂದ ಇಂಗಾಲದ ಆಕ್ಸೈಡುಗಳನ್ನು ಅಳೆದರೆ ಒಟ್ಟು ಆಮ್ಲಜನಕ ಎಷ್ಟೆಂಬುದೂ ತಿಳಿಯುತ್ತದೆ. ಸರಳನ್ನು ಅಡ್ಡಲಾಗಿ ಕತ್ತರಿಸಿ ಬಿಸಿಯಾದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದ್ದಿದರೆ ಗುಳ್ಳೆ, ಪೊಳ್ಳು, ಬಿರುಕುಗಳು ಬರಿಗಣ್ಣಿಗೆ ಕಾಣುತ್ತವೆ. ಎಲ್ಲಕ್ಕಿಂತ ಅಗ್ಗವಾದುದೂ ಹಳೆಯದೂ ಆದ ವಿಧಾನ ಗಂಧಕದ ಮುದ್ರೆ: ಛಾಯಾಚಿತ್ರದ ಬ್ರೋಮೈಡ್ ಕಾಗದವನ್ನು ನೀರಾದ ಗಂಧಕಾಮ್ಲದಲ್ಲಿ ನೆನಸಿ ಉಜ್ಜಿದ ಲೋಹದ ಮುಖಕ್ಕೆ ಒತ್ತಿದರೆ ಗಂಧಕವಿರುವಲ್ಲಿ ಕಂದುಬಣ್ಣ ಮೂಡುತ್ತದೆ. ಅಂಚುಗಟ್ಟಿದ ಉಕ್ಕಾದರೆ ಸುತ್ತಲೂ ಬಿಳಿಯ ಬಳೆ, ನಡುವೆ ಕಪ್ಪು. ಶಾಂತ ಉಕ್ಕಾದರೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಬಣ್ಣ.

ಇಲ್ಲಿ ಒಂದು ವಿವೇಕ ಅಗತ್ಯ. ಶಾಂತ ಉಕ್ಕೆಂದರೆ ನಿರ್ಮಲವಾದ ಉಕ್ಕೆಂದರ್ಥವಲ್ಲ. ಸಿಲಿಕಾನ್ ಅಥವಾ ಅಲ್ಯುಮಿನಿಯಂ ಹಿಡಿದ ಆಮ್ಲಜನಕ ಕಿಟ್ಟದೊಡನೆ ತೇಲಿಹೋಗಬೇಕು. ಹೋಗದೆ ಉಳಿದರೆ ಸೂಕ್ಷ್ಮವಾದ ಗಟ್ಟಿ ಕಣಗಳಾಗಿ ಲೋಹದೊಳಗೇ ಕೂರುತ್ತದೆ. ಒಟ್ಟು ಅಲ್ಯುಮಿನಿಯಂ 0.045 ಇದ್ದು ಕರಗುವ ಅಲ್ಯುಮಿನಿಯಂ 0.006 ಮಾತ್ರ ಇದ್ದರೆ ಮಿಕ್ಕುದೆಲ್ಲ ಇಂಥ ಕಣವೇ. ಅಶುದ್ಧಕಣಗಳ ಪರೀಕ್ಷೆಗೆ ಬೇರೆಯೇ ವಿಧಾನವಿದೆ. ಅದನ್ನು ಬೇರೆಯಾಗಿಯೇ ಕೇಳಬೇಕು.

ಇಂದು ದೊಡ್ಡ ಕಾರ್ಖಾನೆಗಳಲ್ಲಿ ಉಕ್ಕು ನಿರಂತರ ಎರಕದಿಂದ ಬರುತ್ತದೆ. ಅದರಲ್ಲಿ ತೆಳುವಾದ ಹೊರಪದರದೊಳಗೆ ದ್ರವ ಉಕ್ಕು ಸಾಗಬೇಕಾದುದರಿಂದ ಕುದಿಯುವ ಉಕ್ಕನ್ನು ಹೊಯ್ಯುವುದು ಅಪಾಯಕರ. ಆದುದರಿಂದ ಆ ಮಾರ್ಗದ ಉಕ್ಕು ಪ್ರಾಯಶಃ ಶಾಂತವಾದುದೇ. ಹಾಗಾದರೆ ಪರೀಕ್ಷೆಯ ಚಿಂತೆ ಏಕೆಂಬ ಪ್ರಶ್ನೆ ಏಳಬಹುದು. ಗುಜರಿಯನ್ನೂ ಸ್ಪಂಜು ಕಬ್ಬಿಣವನ್ನೂ ಕರಗಿಸುವ ಸಣ್ಣ ಇಂಡಕ್ಷನ್ ಕುಲುಮೆಗಳು ನಮ್ಮ ದೇಶದಲ್ಲಿ ಅನೇಕ. ಗುಜರಿಯ ತುಕ್ಕಿನಿಂದಲೂ ಸ್ಪಂಜು ಕಬ್ಬಿಣದಲ್ಲಿ ಉಳಿದ ಆಕ್ಸೈಡಿನಿಂದಲೂ ಆ ಕುಲುಮೆಗೆ ಆಮ್ಲಜನಕ ಬರುತ್ತಲೇ ಇರುತ್ತದೆ. ಅಲ್ಲಿನ ನಿವಾರಣೆ ಕೆಲಸಗಾರನ ಕೈಯಳತೆಯನ್ನು ನೆಚ್ಚಿರುವುದೂ ಉಂಟು. ಅಂಥ ಉಕ್ಕಿನಲ್ಲಿಯೂ ಒಳ್ಳೆಯದಿದೆ. ಆದರೆ ಒಳ್ಳೆಯದನ್ನು ಬೇರ್ಪಡಿಸಿ ತಿಳಿಯುವುದಕ್ಕೆ ಪರೀಕ್ಷೆಯೇ ಬೇಕು.

ಕಾಗದ, ಬ್ಯಾಂಕು, ಬೋಲ್ಟು

ವ್ಯಾಪಾರದಲ್ಲಿ ಈ ಪರೀಕ್ಷಾಪತ್ರ ಬ್ಯಾಂಕಿನ ಮೇಜಿಗೂ ಬರುತ್ತದೆ. ಹೊರದೇಶದ ಕೊಳ್ಳುವವನು ಲೆಟರ್ ಆಫ್ ಕ್ರೆಡಿಟ್ ತೆರೆದಾಗ ಹಣಪಾವತಿಗೆ ಬೇಕಾದ ದಾಖಲೆಗಳಲ್ಲಿ ಅದೂ ಒಂದು. ಇಂಥ ವ್ಯವಹಾರವನ್ನು ಆಳುವುದು 2007ರ ಜುಲೈ 1ರಿಂದ ಜಾರಿಯಲ್ಲಿರುವ ಯು.ಸಿ.ಪಿ. 600 ಎಂಬ ನಿಯಮಾವಳಿ. ಅದರ 5ನೆಯ ವಿಧಿಯ ತಾತ್ಪರ್ಯ, ಬ್ಯಾಂಕುಗಳ ವ್ಯವಹಾರ ದಾಖಲೆಗಳೊಡನೆಯೇ ಹೊರತು ಮಾಲಿನೊಡನೆ ಅಲ್ಲ ಎಂಬುದು. 14ನೆಯ ವಿಧಿಯ ಒಂದು ಉಪವಿಧಿಯ ಪ್ರಕಾರ, ಸಾಗಣೆ, ವಿಮೆ, ಇನ್ವಾಯ್ಸುಗಳನ್ನು ಬಿಟ್ಟು ಬೇರೊಂದು ದಾಖಲೆಯನ್ನು ಕೇಳಿ, ಅದನ್ನು ಯಾರು ಕೊಡಬೇಕು, ಅದರಲ್ಲಿ ಏನಿರಬೇಕು ಎಂದು ಹೇಳದಿದ್ದರೆ, ಆ ದಾಖಲೆಯ ಉದ್ದೇಶ ನೆರವೇರುವಂತೆ ತೋರುವ ಪತ್ರವನ್ನು ಬ್ಯಾಂಕು ಸ್ವೀಕರಿಸುತ್ತದೆ. “ಪರೀಕ್ಷಾಪತ್ರ ಒಂದು ಪ್ರತಿ” ಎಂದಷ್ಟೇ ಬರೆದ ಕೊಳ್ಳುವವನು ನಾಲ್ಕನೆಯ ಉದಾಹರಣೆಯಂಥ ಪತ್ರಕ್ಕೂ ಹಣ ತೆರಬೇಕಾದೀತು. ಅದರ ಬದಲು, ಉಕ್ಕು ಕರಗಿಸಿದ ಸಂಸ್ಥೆಯೇ ಕೊಟ್ಟ 3.1 ಪತ್ರ, ಅದರಲ್ಲಿ ಹೀಟ್ ನಂಬರು, ಸಿಲಿಕಾನ್ ಮತ್ತು ಅಲ್ಯುಮಿನಿಯಂಗಳ ಅಂಕಿ, ನಿವಾರಣೆಯ ವಿಧಾನ ಎಂದು ಬರೆದರೆ ಬ್ಯಾಂಕಿನ ಗುಮಾಸ್ತನಿಗೂ ತಾಳೆನೋಡಲು ಆಧಾರ ದೊರೆಯುತ್ತದೆ. ಲೋಹವನ್ನು ಅರಿಯದವನು ಕಾಗದವನ್ನಾದರೂ ಅರಿಯಬಲ್ಲನು, ಕಾಗದದಲ್ಲಿ ಅರಿಯತಕ್ಕದ್ದು ಇದ್ದರೆ.

ಸಣ್ಣ ಕಾರ್ಖಾನೆಯ ಒಡೆಯನಿಗೂ ಇದು ಜೀವನದ ಪ್ರಶ್ನೆಯೇ. ಸಾಲ ತಂದು ಕೊಂಡ ಸರಳಿನಿಂದ ಸ್ಟಡ್ಡು ಮಾಡಿ ಹದಗೊಳಿಸಿದ ಮೇಲೆ ತಿರಸ್ಕಾರವಾದರೆ, ಕೂಲಿ, ಬಡ್ಡಿ, ಕುಲುಮೆಯ ವೆಚ್ಚ ಎಲ್ಲವೂ ಅವನ ತಲೆಯ ಮೇಲೆ. ಕತ್ತರಿಸುವ ಮುನ್ನ ಒಂದು ಚೂರನ್ನು ಪರೀಕ್ಷೆಗೆ ಕಳಿಸುವ ಖರ್ಚು ಅದರ ಮುಂದೆ ಅತ್ಯಲ್ಪ.

ಕಾಗದಕ್ಕೂ ಲೋಹಕ್ಕೂ ತಾಳ ತಪ್ಪಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಅನುಭವ ನಿದರ್ಶನ. 1980ರ ದಶಕದಲ್ಲಿ ಅಲ್ಲಿನ ಪೇಟೆಗೆ ಗ್ರೇಡ್ 8ರ ಗುರುತು ಹೊತ್ತ, ವಸ್ತುತಃ ಗ್ರೇಡ್ 8.2ರ ಬೋರಾನ್ ಉಕ್ಕಿನಿಂದ ಮಾಡಿದ ಬೋಲ್ಟುಗಳು ನುಗ್ಗಿದವು. ತಣ್ಣಗಿರುವಾಗ ಎರಡರ ಬಲವೂ ಒಂದೇ. ಆದರೆ ಮೊದಲನೆಯದನ್ನು ಕನಿಷ್ಠ 425 ಡಿಗ್ರಿಯಲ್ಲಿ ಹದಗೊಳಿಸಬೇಕು. ಎರಡನೆಯದಕ್ಕೆ 340 ಡಿಗ್ರಿ ಸಾಕು. ಆದುದರಿಂದ ಬಿಸಿಯಾದೊಡನೆ ಎರಡನೆಯದರ ಬಲ ಬೇಗ ಕುಗ್ಗುತ್ತದೆ. ಬೋರಾನ್ ಉಕ್ಕು ತಾನಾಗಿ ಕೆಟ್ಟದಲ್ಲ. ಶೇಕಡಾ 0.003ನ್ನೂ ಮೀರದ ಆ ಬೋರಾನ್ ಕೆಲಸಮಾಡಬೇಕಾದರೆ ಮೊದಲು ಅಲ್ಯುಮಿನಿಯಂನಿಂದ ಆಮ್ಲಜನಕವನ್ನೂ ಟೈಟಾನಿಯಂನಿಂದ ಸಾರಜನಕವನ್ನೂ ಕಟ್ಟಿಹಾಕಿರಬೇಕು. ಆಮ್ಲಜನಕ-ನಿವಾರಣೆ ಅಲ್ಲಿ ಹದದ ಅಡಿಪಾಯವೇ ಆಗಿದೆ. ತಪ್ಪಿದ್ದುದು ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಿದುದರಲ್ಲಿ. ವಿಚಾರಣೆಗಳಾದ ಮೇಲೆ 1990ರ ನವೆಂಬರ್ 16ರಂದು ಅಲ್ಲಿ ಬೋಲ್ಟುಗಳ ಗುಣಮಟ್ಟಕ್ಕಾಗಿಯೇ ಒಂದು ಶಾಸನ ಬಂದಿತು.

ಉಪಸಂಹಾರ

ಇದುವರೆಗೆ ವಿಚಾರಿಸಿದುದರ ಸಾರ ಇಷ್ಟು. ಆಮ್ಲಜನಕ-ನಿವಾರಣೆಯ ಬೇಡಿಕೆ ಎಲ್ಲಿದೆಯೆಂಬುದನ್ನು ದರ್ಜೆಯ ಪತ್ರ, ಸಾಮಾನ್ಯ ಪತ್ರ, ಆರ್ಡರುಗಳಲ್ಲಿ ಹುಡುಕಿ ಮೊದಲು ನಿಶ್ಚಯಿಸಬೇಕು. ಅನಂತರ ಉಕ್ಕು ಕರಗಿಸಿದವನ ಪತ್ರದಲ್ಲಿ “ಕಿಲ್ಡ್” ಎಂಬ ಪದವನ್ನಲ್ಲ, ಸಿಲಿಕಾನ್ ಮತ್ತು ಅಲ್ಯುಮಿನಿಯಂಗಳ ಅಂಕಿಗಳನ್ನು ಇಂಗಾಲದೊಡನೆ ಸೇರಿಸಿ ಓದಬೇಕು. ಆ ಪತ್ರದ ಹೀಟ್ ನಂಬರು ಕೈಯಲ್ಲಿರುವ ಬೋಲ್ಟಿನವರೆಗೆ ಹರಿಯದೆ ಬಂದಿದೆಯೇ ಎಂದು ನೋಡಬೇಕು. ಎಲ್ಲಿಯಾದರೂ ಎಳೆ ಕಡಿದಿದ್ದರೆ ಲೋಹವನ್ನು ಕತ್ತರಿಸಿ ಕೇಳಬೇಕು.

ಮಗ್ಗದವನು ನೂಲನ್ನೂ ಅಕ್ಕಸಾಲಿಗನು ಒರೆಯನ್ನೂ ನಂಬಿ ಬಾಳಿದ ಸಮಾಜ ನಮ್ಮದು. ಒರೆಗಲ್ಲಿಗೆ ಹಚ್ಚದೆ ಚಿನ್ನವನ್ನು ಕೊಂಡವರಿಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕಾರ್ಖಾನೆ, ಪರೀಕ್ಷಾಲಯ, ಬ್ಯಾಂಕುಗಳಲ್ಲಿ ದುಡಿಯುವ ಕನ್ನಡಿಗರ ಕೈಯಲ್ಲಿ ದಿನವೂ ಹಾದುಹೋಗುವ ಈ ಪತ್ರಗಳು ಚಿನ್ನಕ್ಕಿಂತ ಬಹಳ ಅಗ್ಗವಾದ ಲೋಹದವು. ಆದರೆ ಆ ಲೋಹವನ್ನು ನೆಚ್ಚಿ ಕೆಲಸಕ್ಕೆ ಹೋಗುವವರ ಪ್ರಾಣ ಅಗ್ಗವಲ್ಲ. ಅದಕ್ಕೂ ಒಂದು ಒರೆಗಲ್ಲು ಬೇಕು. ಅದನ್ನು ಬಳಸುವ ಕ್ರಮವನ್ನು ಕಲಿಯುವುದು ಕಷ್ಟವೇನಲ್ಲ.